ಸರ, ಮೊಬೈಲು, ಕೈಯಲ್ಲಿರುವ ಹಣ: ಬೀದಿಗಳ್ಳರಿಂದ ಕಾಪಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬೀದಿಯಲ್ಲಿ ಕಳವು ಮಾಡುವವನಿಗೆ ಮೂರು ಅನುಕೂಲ ಬೇಕು. ಕಣ್ಣಿಗೆ ಬೀಳುವ ವಸ್ತು, ಬೇರೆಲ್ಲೋ ಇರುವ ನಿಮ್ಮ ಗಮನ, ತಕ್ಷಣ ಪರಾರಿಯಾಗಲು ದಾರಿ. ಇವುಗಳಲ್ಲಿ ಒಂದು ತಪ್ಪಿದರೂ ಅವನು ಸಾಮಾನ್ಯವಾಗಿ ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತಾನೆ. ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆ, ಶಿವಾಜಿನಗರದಂಥ ಜಂಗುಳಿಯಲ್ಲಿ ನಡೆಯುವ ಕಳವಿಗೂ ಬಡಾವಣೆಯ ಖಾಲಿ ರಸ್ತೆಯಲ್ಲಿ ನಡೆಯುವ ಸರಗಳ್ಳತನಕ್ಕೂ ರೀತಿ ಬೇರೆಯಾದರೂ ಲೆಕ್ಕಾಚಾರ ಇದೇ. ಕೆಳಗಿನ ಕ್ರಮಗಳನ್ನು ಬೆಂಗಳೂರು ಮತ್ತು ಕರ್ನಾಟಕದ ಇತರ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ.

ಮೊದಲ ಕೆಲಸ: ಮನೆಯಲ್ಲಿ ಕೂತು ಫೋನನ್ನು ಭದ್ರ ಮಾಡುವುದು

ಇಂದು ಫೋನು ಹೋದರೆ ಅದರ ಬೆಲೆಯಷ್ಟೇ ಹೋಗುವುದಿಲ್ಲ, ಬ್ಯಾಂಕ್ ಖಾತೆಯ ಬಾಗಿಲೂ ತೆರೆದುಕೊಳ್ಳುತ್ತದೆ. ಆದ್ದರಿಂದ ಇಲ್ಲಿಂದಲೇ ಶುರು ಮಾಡಿ. ಅರ್ಧ ಗಂಟೆ ಸಾಕು.

ಡಯಲ್ ಮಾಡುವ ಜಾಗದಲ್ಲಿ *#06# ಒತ್ತಿ. ನಿಮ್ಮ ಫೋನಿನದೇ ಗುರುತಾದ 15 ಅಂಕಿಗಳ ಐಎಂಇಐ ಸಂಖ್ಯೆ ಬರುತ್ತದೆ. ಎರಡು ಸಿಮ್ ಹಾಕುವ ಫೋನಾದರೆ ಎರಡು ಸಂಖ್ಯೆ. ಎರಡನ್ನೂ ಕಾಗದದ ಮೇಲೆ ಬರೆದು, ಫೋನಿನ ಬಿಲ್ ಜೊತೆ ಮನೆಯಲ್ಲಿಡಿ. ಅದನ್ನು ಫೋನಿನಲ್ಲೇ ಫೋಟೊ ತೆಗೆದಿಟ್ಟುಕೊಂಡರೆ ಫೋನು ಹೋದ ದಿನ ಅದೂ ಹೋಗಿರುತ್ತದೆ.

ನಂತರ ಸಿಮ್‌ಗೆ ಪಿನ್ ಹಾಕಿ. ಹೆಚ್ಚಿನವರು ಫೋನಿಗೆ ಲಾಕ್ ಹಾಕಿ ಸುಮ್ಮನಾಗುತ್ತಾರೆ. ಕಳ್ಳ ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿದರೆ ನಿಮ್ಮ ಓಟಿಪಿಗಳೆಲ್ಲ ಅವನ ಕೈಗೆ ಬರುತ್ತವೆ, ನಿಮ್ಮ ಫೋನಿನ ಲಾಕ್ ಅವನಿಗೆ ಅಡ್ಡಿಯೇ ಆಗುವುದಿಲ್ಲ. ಸೆಟ್ಟಿಂಗ್ಸ್‌ನ ಭದ್ರತೆ ವಿಭಾಗದಲ್ಲಿ ಸಿಮ್ ಲಾಕ್ ಎಂಬುದಿದೆ. ಅದನ್ನು ಆನ್ ಮಾಡುವಾಗ ಕಂಪನಿ ಕೊಟ್ಟ ಮೂಲ ಪಿನ್ ಕೇಳುತ್ತದೆ. ಅದು ಗೊತ್ತಿಲ್ಲದಿದ್ದರೆ ಊಹಿಸಬೇಡಿ, ಗ್ರಾಹಕ ಸೇವೆಯವರನ್ನೇ ಕೇಳಿ. ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ, ಅದನ್ನು ಬಿಡಿಸುವ ಪಿಯುಕೆ ಸಂಖ್ಯೆ ಕೇಳುತ್ತದೆ. ಅದನ್ನೂ ಹತ್ತು ಸಲ ತಪ್ಪಾಗಿ ಒತ್ತಿದರೆ ಆ ಸಿಮ್ ಪೂರ್ತಿ ನಿಷ್ಪ್ರಯೋಜಕ.

ಲಾಕ್ ಆಗಿರುವ ಪರದೆಯ ಮೇಲೆ ಸಂದೇಶದ ಒಳಗಿನ ಅಕ್ಷರ ಕಾಣದಂತೆ ಮಾಡಿ. ಲಾಕ್ ಇದ್ದಾಗಲೂ ಪರದೆಯನ್ನು ಮೇಲಿನಿಂದ ಎಳೆದು ಏರೋಪ್ಲೇನ್ ಮೋಡ್ ಹಾಕಲು ಹಲವು ಫೋನುಗಳಲ್ಲಿ ಸಾಧ್ಯ. ಆ ಸೌಲಭ್ಯವನ್ನು ನಿಲ್ಲಿಸುವ ಆಯ್ಕೆ ನಿಮ್ಮ ಫೋನಿನಲ್ಲಿದ್ದರೆ ನಿಲ್ಲಿಸಿ. ಇಲ್ಲವಾದರೆ ಕಿತ್ತುಕೊಂಡವನು ಮರುಕ್ಷಣವೇ ಫೋನನ್ನು ನೆಟ್‌ವರ್ಕಿನಿಂದ ಕಡಿದುಹಾಕುತ್ತಾನೆ. ಆಂಡ್ರಾಯ್ಡ್ ಫೋನಿನ ಗೂಗಲ್ ವಿಭಾಗದಲ್ಲಿರುವ ಥೆಫ್ಟ್ ಪ್ರೊಟೆಕ್ಷನ್ ಆನ್ ಮಾಡಿದರೆ, ಕೈಯಿಂದ ಕಿತ್ತುಕೊಂಡು ಓಡುವ ಜರ್ಕ್ ಗುರುತಿಸಿ ಪರದೆ ತಾನೇ ಲಾಕ್ ಆಗುತ್ತದೆ. ಬೇರೆಡೆಯಿಂದಲೇ ಫೋನನ್ನು ಲಾಕ್ ಮಾಡಲು ಅಲ್ಲಿಯೇ ಇರುವ ರಿಮೋಟ್ ಲಾಕ್ ಅನ್ನೂ ಈಗಲೇ ಆನ್ ಮಾಡಿ, ಮೊದಲೇ ಮಾಡಿರದಿದ್ದರೆ ಕಳೆದ ಮೇಲೆ ಅದು ಕೆಲಸಕ್ಕೆ ಬರುವುದಿಲ್ಲ. ಐಫೋನಿನಲ್ಲಿ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಆನ್ ಇರಲಿ.

ಬಹಳ ಜನ ಎಡವುವ ಜಾಗ ಇನ್ನೊಂದಿದೆ. ಫೋನು ಹೋದಾಗ ಪಕ್ಕದವರ ಫೋನಿನಿಂದ ನಿಮ್ಮ ಗೂಗಲ್ ಖಾತೆಗೆ ಹೋಗಲು ನೋಡುತ್ತೀರಿ, ಅದು ದೃಢೀಕರಣದ ಸಂಖ್ಯೆಯನ್ನು ಕಳೆದುಹೋದ ಫೋನಿಗೇ ಕಳಿಸುತ್ತದೆ! ಇದಕ್ಕೆ ಪರಿಹಾರ ಗೂಗಲ್ ಕೊಡುವ ಬ್ಯಾಕಪ್ ಕೋಡ್‌ಗಳು. ಹತ್ತು ಕೋಡ್ ಸಿಗುತ್ತವೆ, ಒಂದೊಂದೂ 8 ಅಂಕಿಯದ್ದು. ಬರೆದು ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ನಂಬಿಕೆಯ ಒಬ್ಬರ ಹತ್ತಿರ ಇಡಿ.

ಪರ್ಸಿನಲ್ಲಿ ಏನಿರಬೇಕು

ಆ ದಿನದ ಖರ್ಚಿನ 300–500 ರೂಪಾಯಿ ಕೈಗೆ ಸಿಗುವ ಕಡೆ, ಉಳಿದದ್ದು ಒಳಜೇಬಿನಲ್ಲಿ. ಚಿಲ್ಲರೆ ಕೊಡಲು ಪೂರ್ತಿ ಪರ್ಸು ತೆರೆದರೆ ಎಷ್ಟಿದೆ, ಎಲ್ಲಿಡುತ್ತೀರಿ ಎರಡೂ ನಿಂತವರಿಗೆ ಗೊತ್ತಾಗುತ್ತದೆ. ಒಂದೇ ಎಟಿಎಂ ಕಾರ್ಡ್ ಇರಲಿ, ಅದರ ಪಿನ್ ಬರೆದ ಚೀಟಿ ಎಲ್ಲೂ ಬೇಡ. ಚಾಲನಾ ಪರವಾನಗಿ, ಆರ್‌ಸಿ ಡಿಜಿಲಾಕರ್‌ನಲ್ಲಿದ್ದರೆ ಕಾನೂನಿನಂತೆ ಸಾಕು, ಮೂಲ ಪ್ರತಿ ಹೊರುವ ಅಗತ್ಯವಿಲ್ಲ. ಶಕ್ತಿ ಯೋಜನೆಯ ಉಚಿತ ಪ್ರಯಾಣಕ್ಕೆ ಗುರುತಿನ ಚೀಟಿ ತೋರಿಸುವವರು ಅದನ್ನು ಹಣದ ಪರ್ಸಿನಲ್ಲಿ ಇಡದೆ ಬೇರೆ ಸಣ್ಣ ಕವರಿನಲ್ಲಿಡಿ. ನೂಕುನುಗ್ಗಲಿನಲ್ಲಿ ಪರ್ಸು ತೆರೆಯುವ ಪ್ರಸಂಗವೇ ತಪ್ಪುತ್ತದೆ.

ಒಂದು ಸಣ್ಣ ಚೀಟಿಯಲ್ಲಿ ಮನೆಯವರಿಬ್ಬರ ಫೋನ್ ನಂಬರು, ಬ್ಯಾಂಕಿನ ಕಾರ್ಡ್ ನಿಲ್ಲಿಸುವ ಸಹಾಯವಾಣಿ ನಂಬರು ಬರೆದು, ಫೋನಿನ ಕವರಿನಲ್ಲೂ ಪರ್ಸಿನಲ್ಲೂ ಅಲ್ಲದ ಮೂರನೇ ಕಡೆ ಇಟ್ಟುಕೊಳ್ಳಿ. ಸ್ವಂತ ಮಗನ ನಂಬರು ಕೂಡ ಬಾಯಿಗೆ ಬಾರದ ಕಾಲ ಇದು.

ಸರಗಳ್ಳತನ: ಎಲ್ಲಿ, ಯಾವಾಗ, ಹೇಗೆ

ಬೈಕಿನಲ್ಲಿ ಇಬ್ಬರು. ಮುಂದಿನವನು ಎಂಜಿನ್ ನಿಲ್ಲಿಸುವುದಿಲ್ಲ, ಹಿಂಬದಿ ಸವಾರ ಕೈ ಹಾಕುತ್ತಾನೆ. ಬೆಳಗಿನ ಜಾವ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಹೊತ್ತು, ವಾಕಿಂಗ್ ಹೊತ್ತು, ಸಂಜೆ ದೇವಸ್ಥಾನದಿಂದ ಮರಳುವ ಹೊತ್ತು ಅವರಿಗೆ ಅನುಕೂಲ. ಜನ ಕಡಿಮೆ, ರಸ್ತೆ ಖಾಲಿ, ನಾಲ್ಕು ತಿರುವು ದಾಟಿದರೆ ಮುಖ್ಯರಸ್ತೆ. ಹೆಚ್ಚಾಗಿ ಒಂದು ಸಲ ಪಕ್ಕದಿಂದ ಹಾದುಹೋಗಿ ನೋಡುತ್ತಾರೆ, ತಿರುಗಿ ಬಂದು ಕಿತ್ತುಕೊಳ್ಳುತ್ತಾರೆ. ಇಲ್ಲವೇ ಬೈಕ್ ನಿಧಾನ ಮಾಡಿ ವಿಳಾಸ ಕೇಳುತ್ತಾರೆ.

ನಡೆಯುವಾಗ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನಗಳಿಗೆ ಮುಖ ಮಾಡಿ ನಡೆಯಿರಿ. ನಮ್ಮಲ್ಲಿ ವಾಹನ ಎಡಗಡೆ ಓಡುವುದರಿಂದ ಆಗ ನಿಮ್ಮ ಹತ್ತಿರ ಬರುವ ಬೈಕು ಕಣ್ಣೆದುರಿಗೇ ಬರುತ್ತದೆ, ಬೆನ್ನ ಹಿಂದಿನಿಂದ ಬರುವುದಿಲ್ಲ. ಫುಟ್‌ಪಾತ್ ಇದ್ದಲ್ಲಿ ಗೋಡೆಯ ಬದಿಗೆ ಸರಿದು ನಡೆಯಿರಿ. ವ್ಯಾನಿಟಿ ಬ್ಯಾಗ್ ಗೋಡೆಯ ಕಡೆಯ ಹೆಗಲಿಗೆ. ಅದೇ ಬೈಕು ಎರಡನೇ ಸಲ ಕಂಡರೆ ತಡಮಾಡದೆ ಹತ್ತಿರದ ಮನೆಯ ಗೇಟು ತೆರೆದು ಒಳಗೆ ಹೋಗಿ, ಇಲ್ಲವೇ ಅಂಗಡಿ ಸೇರಿ. ತಪ್ಪು ಶಂಕೆ ಆದರೂ ಕಳೆದುಕೊಳ್ಳುವುದೇನಿಲ್ಲ. ವಿಳಾಸ ಕೇಳಿದವರಿಗೆ ಎರಡು ಮಾರು ದೂರದಲ್ಲಿ ನಿಂತೇ ಉತ್ತರಿಸಿ. ಕಾಗದ ಓದಿಸಲು ಅಥವಾ ಫೋನಿನ ಮ್ಯಾಪ್ ತೋರಿಸಲು ಹತ್ತಿರ ಕರೆದರೆ ಹೋಗಬೇಡಿ.

ಮಾಂಗಲ್ಯ ಸರವನ್ನು ತೆಗೆದಿಟ್ಟು ಹೋಗಿ ಎಂದು ಹೇಳುವುದು ಸುಲಭ, ಎಷ್ಟೋ ಅಮ್ಮಂದಿರಿಗೆ ಅದು ಒಪ್ಪುವ ಮಾತಲ್ಲ. ವಾಕಿಂಗ್, ಸಂತೆ, ಜಾತ್ರೆಗೆ ತಾಳಿಯನ್ನು ಅರಿಶಿನ ದಾರದಲ್ಲಿ ಅಥವಾ ಸಣ್ಣ ಕರಿಮಣಿ ಸರದಲ್ಲಿ ಪೋಣಿಸಿಕೊಂಡು, ಎರಡೆಳೆ ಚಿನ್ನದ ಸರವನ್ನು ಸಮಾರಂಭಕ್ಕೆ ಮೀಸಲಿಡುವ ರೂಢಿ ಹಲವು ಮನೆಗಳಲ್ಲಿದೆ. ಇದು ಒಳ್ಳೆಯ ದಾರಿ. ಹಾಕಿಕೊಂಡೇ ಹೋಗುವುದಾದರೆ ಸೆರಗನ್ನು ಕುತ್ತಿಗೆ ಸುತ್ತ ತಂದು ಹಿಂದೆ ಪಿನ್ ಮಾಡಿ. ಚೂಡಿದಾರದವರು ದುಪಟ್ಟಾವನ್ನು ಹೀಗೆಯೇ ಪಿನ್ ಮಾಡಬಹುದು, ಗಂಟು ಮಾತ್ರ ಹಾಕಬೇಡಿ, ಎಳೆದರೆ ಉರುಳಾಗುತ್ತದೆ.

ಸ್ಕೂಟರಿನ ಹಿಂದೆ ಕೂತವರಿಗೆ ಅಪಾಯ ಇನ್ನೂ ದೊಡ್ಡದು. ಓಡುವ ಗಾಡಿಯಲ್ಲಿ ಸರ ಎಳೆದರೆ ಇಬ್ಬರೂ ಬಿದ್ದು ತಲೆಗೆ ಪೆಟ್ಟಾಗಬಹುದು. ಸರ ಮುಚ್ಚಿರಲಿ, ಹೆಲ್ಮೆಟ್ ತಲೆಯ ಮೇಲಿರಲಿ, ಗಾಡಿಯ ಹಿಡಿಯನ್ನು ಹಿಡಿದು ಕೂರಿ.

ಕೈ ಬಿದ್ದೇ ಬಿಟ್ಟರೆ ಸರವನ್ನು ಹಿಡಿದೆಳೆಯಬೇಡಿ. ಗಟ್ಟಿ ಸರ ಕುತ್ತಿಗೆಯನ್ನು ಕೊಯ್ಯುತ್ತದೆ, ನಿಮ್ಮನ್ನು ಬೈಕಿನ ಜೊತೆ ಎಳೆದೊಯ್ಯುತ್ತದೆ. ಬಿಟ್ಟುಬಿಡಿ, ಕೂಗಿ, ಕಣ್ಣು ತೆರೆದು ನೋಡಿ: ಬೈಕಿನ ಬಣ್ಣ, ಹೆಲ್ಮೆಟ್ಟಿನ ಬಣ್ಣ, ಹಿಂದೆ ಕೂತವನ ಶೂ ಅಥವಾ ಚಪ್ಪಲಿ, ಹೋದ ದಿಕ್ಕು. ನಂಬರ್ ಪ್ಲೇಟ್ ಎಷ್ಟೋ ಸಲ ನಕಲಿಯಾಗಿರುತ್ತದೆ. ಅಂಗಿಯನ್ನು ಮುಂದಿನ ಗಲ್ಲಿಯಲ್ಲೇ ಬದಲಾಯಿಸಬಹುದು, ಕಾಲಿನಲ್ಲಿದ್ದದ್ದು ಅಷ್ಟು ಬೇಗ ಬದಲಾಗುವುದಿಲ್ಲ, ಸಿಸಿಟಿವಿ ನೋಡುವವರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಬಸ್ಸಿನ ಬಾಗಿಲು, ಜಾತ್ರೆಯ ಜಂಗುಳಿ

ಬಸ್ಸಿನಲ್ಲಿ ಕಳವಾಗುವುದು ಹೆಚ್ಚಾಗಿ ಹತ್ತುವಾಗ, ಇಳಿಯುವಾಗ. ಗುಂಪಿನಲ್ಲಿ ಒಬ್ಬರು ಮೆಟ್ಟಿಲ ಮೇಲೆ ಸುಮ್ಮನೆ ನಿಂತು ದಾರಿ ಕಟ್ಟುತ್ತಾರೆ, ಇನ್ನೊಬ್ಬರು ಹಿಂದಿನಿಂದ ನೂಕುತ್ತಾರೆ, ಮೂರನೆಯವರ ಕೈ ಟವೆಲ್ಲು, ಪತ್ರಿಕೆ ಅಥವಾ ಚೀಲದ ಮರೆಯಲ್ಲಿ ಕೆಲಸ ಮಾಡುತ್ತದೆ. ಮಗು ಎತ್ತಿಕೊಂಡ ಹೆಂಗಸರೂ ಇರಬಹುದು. ಮುಟ್ಟಿದ್ದು ಗೊತ್ತಾಗದಂತೆ ಮಾಡುವುದೇ ಆ ನೂಕಾಟದ ಉದ್ದೇಶ.

ಬಸ್ಸು ಬರುವ ಮೊದಲೇ ಫೋನನ್ನು ಬ್ಯಾಗಿನೊಳಗೆ ಹಾಕಿ, ಬ್ಯಾಗನ್ನು ಎದೆಯ ಮೇಲೆ ತಿರುಗಿಸಿಕೊಳ್ಳಿ. ಜಿಪ್ಪಿನ ತುದಿ ನಿಮ್ಮ ಅಂಗೈ ಕೆಳಗಿರಲಿ, ಅಥವಾ ಎರಡು ಜಿಪ್ ಸೇರುವಲ್ಲಿ ಸೇಫ್ಟಿ ಪಿನ್ ಹಾಕಿ. ಗಂಡಸರು ಪರ್ಸನ್ನು ಪ್ಯಾಂಟಿನ ಮುಂದಿನ ಜೇಬಿಗೆ ಸೇರಿಸಿ. ಪರ್ಸಿಗೆ ಎರಡು ಅಗಲ ರಬ್ಬರ್ ಬ್ಯಾಂಡ್ ಸುತ್ತಿದರೆ ಅದು ಬಟ್ಟೆಗೆ ಉಜ್ಜಿ ನಿಲ್ಲುತ್ತದೆ, ಜಾರಿಸಿ ತೆಗೆಯುವುದು ಕಷ್ಟ. ಅಂಗಿಯ ಮೇಲ್ಜೇಬಿನಲ್ಲಿ ಫೋನು ಇಡುವ ಅಭ್ಯಾಸವನ್ನು ಪೂರ್ತಿ ಬಿಡಿ. "ಜೇಬುಗಳ್ಳರಿದ್ದಾರೆ, ಎಚ್ಚರಿಕೆ" ಎಂಬ ಫಲಕ ಕಂಡಾಗ ಜನ ತಮಗರಿವಿಲ್ಲದೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಹಣ ಎಲ್ಲಿದೆಯೆಂದು ತಿಳಿಯಲು ಕಳ್ಳನಿಗೆ ಅಷ್ಟು ಸಾಕು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳ ಓಡಾಟ ಹೆಚ್ಚಿದೆ, ಬಸ್ಸುಗಳು ತುಂಬಿ ಹೋಗುತ್ತವೆ. ಮದುವೆಗೆ ಒಡವೆ ಒಯ್ಯುವವರು ಅದನ್ನು ವ್ಯಾನಿಟಿ ಬ್ಯಾಗಿನಲ್ಲಿ ಅಥವಾ ತಲೆಯ ಮೇಲಿನ ಕ್ಯಾರಿಯರ್‌ನಲ್ಲಿ ಇಡಲೇಬೇಡಿ. ಬಟ್ಟೆಯ ಸಣ್ಣ ಚೀಲ ಹೊಲಿಸಿ ಒಳಬಟ್ಟೆಗೆ ಪಿನ್ ಮಾಡಿಕೊಳ್ಳಿ, ಇಬ್ಬರಿದ್ದರೆ ಇಬ್ಬರಲ್ಲಿ ಹಂಚಿಕೊಳ್ಳಿ. ಪಕ್ಕದವರು ಕೊಟ್ಟ ಬಿಸ್ಕತ್ತು, ಜ್ಯೂಸು ನಯವಾಗಿ ಬೇಡವೆನ್ನಿ.

ಕಳವಾಗಿದ್ದು ಬಸ್ಸಿನೊಳಗೇ ಗೊತ್ತಾದರೆ ಇಳಿಯಬೇಡಿ. ಜೋರಾಗಿ ಕಂಡಕ್ಟರಿಗೆ ಹೇಳಿ, ಬಾಗಿಲು ತೆರೆಯದೆ ಬಸ್ಸನ್ನು ಹತ್ತಿರದ ಠಾಣೆಗೆ ಒಯ್ಯುವಂತೆ ಕೇಳಿ. ನಮ್ಮಲ್ಲಿ ಹೀಗೆ ಮಾಡುವುದುಂಟು. ಕೂಗೆದ್ದ ಕೂಡಲೇ ಕದ್ದ ಮಾಲನ್ನು ಸೀಟಿನಡಿ ಎಸೆದುಬಿಡುವುದೂ ಇದೆ, ಆದ್ದರಿಂದ ಮೊದಲು ಕಾಲಡಿ ನೋಡಿ.

ಬಸವನಗುಡಿಯ ಕಡಲೆಕಾಯಿ ಪರಿಷೆ, ಮೈಸೂರಿನ ಜಂಬೂ ಸವಾರಿ, ಊರ ತೇರು ಎಲ್ಲಕ್ಕೂ ಇದೇ ನಿಯಮ. ತೇರು ಎಳೆಯುವ ಕ್ಷಣ, ಆರತಿಯ ಕ್ಷಣದಲ್ಲಿ ಎಲ್ಲರ ಕೈ ಮೇಲೆ, ಕಣ್ಣು ಮೇಲೆ. ಕಳ್ಳ ಕಾಯುವುದು ಆ ಹೊತ್ತಿಗೇ.

ಬ್ಯಾಂಕಿನಿಂದ ನಗದು ತರುವ ದಿನ

ಜಿಲ್ಲಾ, ತಾಲ್ಲೂಕು ಕೇಂದ್ರಗಳಲ್ಲಿ ಒಂದೇ ಏಟಿಗೆ ಲಕ್ಷಗಟ್ಟಲೆ ಹೋಗುವುದು ಈ ಬಗೆಯ ಕಳವಿನಲ್ಲಿ. ಫಸಲಿನ ಹಣ, ಚಿನ್ನದ ಸಾಲ, ಮಗಳ ಮದುವೆಗೆ ಕೂಡಿಟ್ಟದ್ದು ಹೀಗೆ ಹೋದ ಮನೆಗಳು ಮತ್ತೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಆದ್ದರಿಂದ ಇದನ್ನು ವಿವರವಾಗಿ ಓದಿ.

ಗುಂಪಿನ ಒಬ್ಬ ಬ್ಯಾಂಕಿನೊಳಗೆ ಚಲನ್ ತುಂಬುವವನಂತೆ ನಿಂತು, ದೊಡ್ಡ ಮೊತ್ತ ಪಡೆದವರನ್ನೂ ಅವರ ಚೀಲವನ್ನೂ ಗುರುತು ಮಾಡಿಕೊಂಡು ಹೊರಗಿರುವವರಿಗೆ ಫೋನಿನಲ್ಲಿ ತಿಳಿಸುತ್ತಾನೆ. ಅವರು ಬೈಕಿನಲ್ಲಿ ಹಿಂಬಾಲಿಸುತ್ತಾರೆ. ಮುಂದೆ ನಾಲ್ಕರಲ್ಲಿ ಒಂದು ನಡೆಯುತ್ತದೆ. ನೀವು ಟೀ ಕುಡಿಯಲು, ತರಕಾರಿ ಕೊಳ್ಳಲು ನಿಲ್ಲಿಸಿದಾಗ ಸ್ಕೂಟರಿನ ಸೀಟನ್ನು ಎತ್ತಿ ಡಿಕ್ಕಿಯಿಂದ ಹಣ ತೆಗೆಯುತ್ತಾರೆ. ಟೈರು ಪಂಕ್ಚರ್ ಮಾಡಿ, ನೀವು ಚಕ್ರ ನೋಡುವಾಗ ಚೀಲ ಎತ್ತುತ್ತಾರೆ. ಹತ್ತಿಪ್ಪತ್ತರ ನೋಟು ಚೆಲ್ಲಿ "ನಿಮ್ಮ ದುಡ್ಡು ಬಿದ್ದಿದೆ ನೋಡಿ ಸಾರ್" ಎನ್ನುತ್ತಾರೆ. ಇಲ್ಲವೇ ಬಟ್ಟೆ ಮೇಲೆ ಹೊಲಸು ಅಥವಾ ತುರಿಕೆ ಪುಡಿ ಹಾಕಿ, ತಾವೇ ನೀರು ತಂದುಕೊಡುತ್ತಾರೆ.

ಹಣ ಪಡೆಯುವುದನ್ನು ತಪ್ಪಿಸಬಹುದೇ ಎಂದು ಮೊದಲು ನೋಡಿ. ಆರ್‌ಟಿಜಿಎಸ್, ಚೆಕ್, ಡಿಡಿ ಇವೆ. ಜಮೀನು, ಮನೆ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಒಪ್ಪುವುದೂ ಇಲ್ಲ.

ನಗದೇ ಬೇಕಾದರೆ ಇಬ್ಬರು ಹೋಗಿ. ಒಬ್ಬರು ಕೌಂಟರಿನಲ್ಲಿರುವಾಗ ಇನ್ನೊಬ್ಬರು ಗೋಡೆಗೆ ಬೆನ್ನು ಕೊಟ್ಟು ಸುತ್ತ ನೋಡುತ್ತಿರಲಿ, ಕೆಲಸವಿಲ್ಲದೆ ನಿಂತವರು ಗೊತ್ತಾಗುತ್ತಾರೆ. ಎಣಿಸುವುದು ಕೌಂಟರಿನಲ್ಲೇ ಮುಗಿಯಲಿ, ಬಾಗಿಲ ಹತ್ತಿರ ಬೇಡ. ಕಟ್ಟುಗಳನ್ನು ಒಂದೇ ಕಡೆ ಇಡದೆ ಬಟ್ಟೆಯೊಳಗಿನ ಜೇಬುಗಳಿಗೆ ಹಂಚಿ. ಚೀಲವೇ ಬೇಕಾದರೆ ಹೆಗಲಿನಿಂದ ಅಡ್ಡ ಹಾಕಿ, ಮೇಲೆ ಅಂಗಿ ಬರುವಂತೆ ಧರಿಸಿ. ಡಿಕ್ಕಿಯಲ್ಲಿ, ಟ್ಯಾಂಕ್ ಕವರಿನಲ್ಲಿ, ಕಾರಿನ ಸೀಟಿನ ಮೇಲೆ ಒಂದು ನಿಮಿಷವೂ ಇಡಬೇಡಿ. ಡಿಕ್ಕಿಯ ಬೀಗ ನೋಡಲು ಗಟ್ಟಿ, ಸೀಟನ್ನು ಬಲವಾಗಿ ಮೇಲೆತ್ತಿದರೆ ಕೈ ತೂರುವಷ್ಟು ಸಂದು ಬಿಡುವ ಗಾಡಿಗಳಿವೆ.

ಹೊರಟ ಮೇಲೆ ದಾರಿಯಲ್ಲಿ ಎಲ್ಲೂ ನಿಲ್ಲಬೇಡಿ. ಹೋಟೆಲ್ಲು, ಔಷಧಿ ಅಂಗಡಿ ಎಲ್ಲವನ್ನೂ ಬ್ಯಾಂಕಿಗೆ ಹೋಗುವ ಮೊದಲೇ ಮುಗಿಸಿ. ಟೈರು ಇಳಿದರೆ ನಿಧಾನವಾಗಿ ಪೆಟ್ರೋಲ್ ಬಂಕಿನವರೆಗೆ ಓಡಿಸಿ, ಟೈರು ಹಾಳಾದರೆ ಆಗಲಿ. ನೋಟು ಬಿದ್ದಿದೆ ಎಂದರೆ ಬಗ್ಗಬೇಡಿ. ಬಟ್ಟೆಗೆ ಹೊಲಸು ಎಂದರೆ ಚೀಲ ಕೆಳಗಿಡದೆ ಹತ್ತಿರದ ಅಂಗಡಿಯೊಳಗೆ ನಡೆಯಿರಿ. ಹಿಂಬಾಲಿಸುತ್ತಿದ್ದಾರೆ ಎನಿಸಿದರೆ ಮನೆಗೆ ಹೋಗುವುದು ಬೇಡ, ಠಾಣೆಯ ಮುಂದೆ ಗಾಡಿ ನಿಲ್ಲಿಸಿ.

ಎಟಿಎಂನಲ್ಲಿ ಸಹಾಯಕ್ಕೆ ಬರುವ ಅಪರಿಚಿತರು ಕಾರ್ಡನ್ನೇ ಬದಲಾಯಿಸಿ ಕೊಡುತ್ತಾರೆ. ವಾಪಸ್ ಬಂದ ಕಾರ್ಡಿನ ಮೇಲೆ ನಿಮ್ಮ ಹೆಸರಿದೆಯೇ ಎಂದು ಓದಿಯೇ ಹೊರಬನ್ನಿ.

ಮಾತಿನಲ್ಲೇ ಒಡವೆ ಬಿಚ್ಚಿಸುವವರು

ಇವರ ಗುರಿ ವಯಸ್ಸಾದವರು. "ಅಮ್ಮಾ, ನಾವು ಪೊಲೀಸ್ನೋರು. ಮುಂದೆ ಕೊಲೆ ಆಗಿದೆ, ಇಷ್ಟೊಂದು ಒಡವೆ ಹಾಕ್ಕೊಂಡು ಹೋಗ್ತೀರಲ್ಲ, ಬಿಚ್ಚಿ ಬ್ಯಾಗಲ್ಲಿ ಇಟ್ಕೊಳ್ಳಿ" ಎನ್ನುತ್ತಾರೆ. ಅಷ್ಟರಲ್ಲಿ ದಾರಿಹೋಕನಂತೆ ಬಂದ ಅವರ ಕಡೆಯವನೇ ತನ್ನ ಸರ ಬಿಚ್ಚಿ ಕೊಡುತ್ತಾನೆ, ಅದನ್ನು ಕಾಗದದಲ್ಲಿ ಸುತ್ತಿ ವಾಪಸ್ ಕೊಡುತ್ತಾರೆ. ಅದನ್ನು ನೋಡಿ ಅಜ್ಜಿಗೆ ನಂಬಿಕೆ ಬರುತ್ತದೆ. ಅಜ್ಜಿಯ ಪೊಟ್ಟಣದಲ್ಲಿ ಮನೆಗೆ ಬರುವುದು ಕಲ್ಲು. ಇನ್ನೊಂದು ಕಥೆ: "ಸೇಠ್‌ಗೆ ಗಂಡುಮಗು ಆಗಿದೆ, ಬಡವರಿಗೆ ಸೀರೆ ಹಂಚ್ತಿದ್ದಾರೆ, ಚಿನ್ನ ಕಂಡ್ರೆ ಕೊಡಲ್ಲ." ಮನೆಬಾಗಿಲಿಗೆ ಬಂದು ಒಡವೆ ಪಾಲಿಶ್ ಮಾಡುವವರು ದ್ರಾವಣದಲ್ಲೇ ಚಿನ್ನ ಕರಗಿಸಿಕೊಂಡು ಹೋಗುತ್ತಾರೆ.

ಮನೆಯ ಹಿರಿಯರಿಗೆ ಬುದ್ಧಿಮಾತಿನಷ್ಟೇ ಅಗತ್ಯ ಒಂದು ಸಿದ್ಧ ಉತ್ತರ. "ಠಾಣೆಗೇ ಬರ್ತೀನಿ, ಅಲ್ಲೇ ಬಿಚ್ಚಿ ಕೊಡ್ತೀನಿ" ಎನ್ನಲಿ, ಎನ್ನುತ್ತಲೇ ಪಕ್ಕದ ಅಂಗಡಿಯವರನ್ನು ಕೂಗಲಿ. ರಸ್ತೆಯಲ್ಲಿ ಒಡವೆ ಬಿಚ್ಚಿ ತಮ್ಮ ಕೈಗೆ ಕೊಡಿ ಎಂದು ನಿಜವಾದ ಪೊಲೀಸರು ಹೇಳುವುದಿಲ್ಲ. ಈ ಸಂಭಾಷಣೆಯನ್ನು ಮನೆಯಲ್ಲಿ ಎರಡು ಮೂರು ಸಲ ಆಡಿಸಿ ರೂಢಿ ಮಾಡಿಸಿ. ಗಾಬರಿಯಲ್ಲಿ ಹೊಸ ಮಾತು ಹೊಳೆಯುವುದಿಲ್ಲ, ರೂಢಿಯಾದ ಮಾತೇ ಬಾಯಿಗೆ ಬರುತ್ತದೆ.

ಆಟೊ, ಕಾರು, ರೈಲು

ಆಟೊದಲ್ಲಿ ಬ್ಯಾಗನ್ನು ತೆರೆದ ಬದಿಗೆ ಇಡದೆ ಕಾಲುಗಳ ನಡುವೆ, ಪಟ್ಟಿಯನ್ನು ಮೊಣಕಾಲಿಗೆ ಸುತ್ತಿ ಇಡಿ. ಸಿಗ್ನಲ್ಲಿನಲ್ಲಿ ಫೋನು ಕೆಳಗಿರಲಿ. ಕಾರಿನಲ್ಲಿ ಲ್ಯಾಪ್‌ಟಾಪ್ ಚೀಲ ಹೊರಗೆ ಕಂಡರೆ ಗಾಜು ಒಡೆಯುತ್ತಾರೆ. ಅದನ್ನು ಡಿಕ್ಕಿಗೆ ಹಾಕುವುದಾದರೆ ಹೊರಡುವಲ್ಲೇ ಹಾಕಿ, ನಿಲ್ಲಿಸಿದ ಜಾಗದಲ್ಲಿ ಎಲ್ಲರೆದುರು ಹಾಕಿದರೆ ಪ್ರಯೋಜನವಿಲ್ಲ. ರೈಲು ನಿಲ್ದಾಣ ಬಿಡುವ ಹೊತ್ತಿನಲ್ಲಿ ಕಿಟಕಿ, ಬಾಗಿಲ ಹತ್ತಿರ ಫೋನು ಹಿಡಿಯಬೇಡಿ. ರಾತ್ರಿ ಸೂಟ್‌ಕೇಸನ್ನು ಕೆಳಬರ್ತಿನಡಿಯ ಕೊಂಡಿಗೆ ಸರಪಳಿ ಹಾಕಿ ಬೀಗ ಹಾಕಿ. ರೈಲಿನಲ್ಲಿ ಕಳವಾದರೆ ಸಹಾಯವಾಣಿ 139.

ಕಳೆದುಕೊಂಡ ಮೇಲೆ: ಮೊದಲ ಒಂದು ಗಂಟೆ

ಕ್ರಮ ಮುಖ್ಯ. ಗಾಬರಿಯಲ್ಲಿ ಜನ ಮೊದಲು ಸಿಮ್ ನಿಲ್ಲಿಸಿಬಿಡುತ್ತಾರೆ. ಸಿಮ್ ನಿಂತರೆ ಫೋನಿಗೆ ಇಂಟರ್‌ನೆಟ್ ಇರುವುದಿಲ್ಲ, ಆಮೇಲೆ ನೀವು ಕಳಿಸುವ ಲಾಕ್ ಆದೇಶ ಅದನ್ನು ತಲುಪದೇ ಹೋಗಬಹುದು.

1. ಹತ್ತಿರದ ಅಂಗಡಿ ಅಥವಾ ಜನರಿರುವ ಜಾಗ ಸೇರಿ. ಕುತ್ತಿಗೆ, ತಲೆಗೆ ಪೆಟ್ಟಾಗಿದ್ದರೆ ಮೊದಲು ಚಿಕಿತ್ಸೆ. ಹಿಂದೆ ಓಡಬೇಡಿ, ಅವರ ಬಳಿ ಚಾಕು ಇರಬಹುದು.

2. ಯಾರದ್ದಾದರೂ ಫೋನಿನಿಂದ 112ಕ್ಕೆ ಕರೆ ಮಾಡಿ. ಮೊದಲು ಜಾಗ ಮತ್ತು ಹೋದ ದಿಕ್ಕು, ನಂತರ ಬೈಕಿನ ವಿವರ. ಬೆಂಗಳೂರಿನಲ್ಲಿ ಹೊಯ್ಸಳ ಗಸ್ತು ವಾಹನಕ್ಕೆ ಮಾಹಿತಿ ಹೋಗುತ್ತದೆ.

3. ಅದೇ ಫೋನಿನಿಂದ ಗೂಗಲ್ ಫೈಂಡ್ ಹಬ್ ಅಥವಾ ಆಪಲ್ ಫೈಂಡ್ ಮೈಗೆ ಹೋಗಿ ಲಾಕ್ ಮಾಡಿ. ಎರಡು ಮೂರು ನಿಮಿಷದಲ್ಲಿ ಆಗದಿದ್ದರೆ ಬಿಟ್ಟು ಮುಂದಿನ ಹೆಜ್ಜೆಗೆ ಹೋಗಿ. ಫೋನು ಎಲ್ಲೋ ತೋರಿಸಿತೆಂದು ಒಬ್ಬರೇ ಹುಡುಕಿ ಹೋಗಬೇಡಿ. ಕೆಲಸ ಮುಗಿದ ಮೇಲೆ ಆ ಫೋನಿನಿಂದ ಲಾಗ್ ಔಟ್ ಆಗಿ.

4. ಬ್ಯಾಂಕಿಗೆ ಕರೆ ಮಾಡಿ ಯುಪಿಐ, ಮೊಬೈಲ್ ಬ್ಯಾಂಕಿಂಗ್, ಕಾರ್ಡ್ ಮೂರನ್ನೂ ನಿಲ್ಲಿಸಿ. ದೂರಿನ ಸಂಖ್ಯೆ, ಸಮಯ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ನೀವು ತಿಳಿಸಿದ ಮೇಲೆ ಆಗುವ ಅನಧಿಕೃತ ವ್ಯವಹಾರದ ನಷ್ಟ ಬ್ಯಾಂಕಿನದು. ಆ ಸಮಯಕ್ಕೆ ಅಷ್ಟು ಬೆಲೆಯಿದೆ.

5. ಈಗ ಸಿಮ್ ನಿಲ್ಲಿಸಿ. ಅದೇ ಕಂಪನಿಯ ಇನ್ನೊಂದು ಸಂಖ್ಯೆಯಿಂದ 198ಕ್ಕೆ ಕರೆ ಮಾಡಬಹುದು.

6. ಖಾತೆಯಿಂದ ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಆ ಮೊದಲ ಹೊತ್ತಿನಲ್ಲೇ.

ಠಾಣೆಯಲ್ಲಿ

ಕಳೆದುಹೋಗಿದೆ ಎಂದು ಬರೆಯುವುದಕ್ಕೂ ಕಿತ್ತುಕೊಂಡರು ಎಂದು ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ರಾಜ್ಯ ಪೊಲೀಸರ ಇ-ಲಾಸ್ಟ್ ಸೌಲಭ್ಯ ಇರುವುದು ಕೈತಪ್ಪಿ ಕಳೆದ ವಸ್ತು, ದಾಖಲೆಗಳಿಗೆ. ಕಿತ್ತುಕೊಂಡಿದ್ದರೆ ಎಫ್‌ಐಆರ್ ಆಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಳ್ಳುವುದಕ್ಕೆಂದೇ 304ನೇ ಕಲಂ ಇದೆ, ಮೂರು ವರ್ಷದವರೆಗೆ ಶಿಕ್ಷೆ. ಘಟನೆ ನಮ್ಮ ವ್ಯಾಪ್ತಿಯಲ್ಲಿ ಆಗಿಲ್ಲ ಎಂದು ಪೊಲೀಸರು ಹೇಳಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಕಲಂ ನೆನಪಿಸಿ. ಯಾವ ಠಾಣೆಯಲ್ಲಾದರೂ ದೂರು ಪಡೆಯಬೇಕು. ಇಮೇಲ್‌ನಂಥ ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಪ್ರತಿ ಉಚಿತವಾಗಿ ಸಿಗಬೇಕು. ದಾಖಲಿಸಲು ಒಪ್ಪದಿದ್ದರೆ ಲಿಖಿತ ದೂರನ್ನು ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ.

ದೂರಿನಲ್ಲಿ ಸಮಯ, ಜಾಗದ ಗುರುತು, ಹತ್ತಿರ ಕಂಡ ಸಿಸಿಟಿವಿ ಇರುವ ಅಂಗಡಿಗಳ ಹೆಸರು ಬರೆಯಿರಿ. ದೃಶ್ಯಗಳು ಕೆಲವು ದಿನಗಳಲ್ಲಿ ತಾವಾಗಿ ಅಳಿಸಿಹೋಗುವುದರಿಂದ ಅಂಗಡಿಯವರಿಗೂ ಅಂದೇ ಹೇಳಿಡಿ. ಸರಕ್ಕೆ ತೂಕ ಗ್ರಾಂನಲ್ಲಿ, ಬಿಲ್, ಹಾಕಿಕೊಂಡಿದ್ದ ಫೋಟೊ, ಹೊಸ ಒಡವೆಯಾದರೆ ಅದರ ಮೇಲಿನ 6 ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ಕೊಡಿ. ಇವುಗಳನ್ನು ಇಂದೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಆ ದಿನ ಹುಡುಕಾಟ ತಪ್ಪುತ್ತದೆ.

ಫೋನಿಗೆ ಇನ್ನೊಂದು ಹೆಜ್ಜೆ ಇದೆ. ಹಳೆಯ ನಂಬರಿನದೇ ಹೊಸ ಸಿಮ್ ಪಡೆದು, ಪೊಲೀಸ್ ದೂರಿನ ಪ್ರತಿ, ಬಿಲ್, ಗುರುತಿನ ಚೀಟಿ, ಐಎಂಇಐ ಸಹಿತ, ಕಳೆದ ಫೋನನ್ನು ಬ್ಲಾಕ್ ಮಾಡಿಸಲು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿರುವ ಸಿಇಐಆರ್ ವಿಭಾಗದಲ್ಲಿ ಅರ್ಜಿ ಹಾಕಿ. ಹೊಸ ಸಿಮ್‌ಗೆ ಎಸ್‌ಎಂಎಸ್ ಬರಲು 24 ಗಂಟೆ ಹಿಡಿಯಬಹುದು, ಓಟಿಪಿ ಬಾರದಿದ್ದರೆ ಅದೇ ಕಾರಣ. ಬ್ಲಾಕ್ ಆದ ಫೋನು ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯುವುದಿಲ್ಲ, ಯಾರಾದರೂ ಬೇರೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಹೋಗುತ್ತದೆ. ನಂತರದ ದಿನಗಳಲ್ಲಿ "ನಿಮ್ಮ ಫೋನು ಸಿಕ್ಕಿದೆ, ಇಲ್ಲಿ ಲಾಗಿನ್ ಆಗಿ" ಎಂಬ ಲಿಂಕ್ ಬಂದರೆ ಒತ್ತಬೇಡಿ, ಪಾಸ್‌ವರ್ಡ್ ಪಡೆಯಲು ಕಳ್ಳರೇ ಕಳಿಸುವುದು ಅದು.

ಮಾಲು ಸಿಕ್ಕಿತು ಎಂದು ಠಾಣೆಯಿಂದ ಕರೆ ಬಂದರೆ, ಅದನ್ನು ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಬಿಎನ್‌ಎಸ್‌ಎಸ್ 497 ಮತ್ತು 503ನೇ ಕಲಂಗಳು ಇದಕ್ಕಿವೆ. ಬಿಲ್, ಎಫ್‌ಐಆರ್ ಪ್ರತಿ, ಗುರುತಿನ ಚೀಟಿ ತೋರಿಸಿ ಬಾಂಡ್ ಬರೆದುಕೊಟ್ಟರೆ ಮೊಕದ್ದಮೆ ಮುಗಿಯುವ ಮೊದಲೇ ಮಧ್ಯಂತರವಾಗಿ ಕೊಡಲು ಅವಕಾಶವಿದೆ. ಹಾಗೆ ಪಡೆದ ಒಡವೆಯನ್ನು ನ್ಯಾಯಾಲಯ ಕೇಳಿದಾಗ ಹಾಜರುಪಡಿಸಬೇಕಾಗುವುದರಿಂದ, ಪ್ರಕರಣ ಮುಗಿಯುವವರೆಗೆ ಮಾರಬೇಡಿ, ಕರಗಿಸಿ ಬೇರೆ ಮಾಡಿಸಬೇಡಿ.